ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್: ಮೊದಲ ಸುತ್ತಿನ ಪಂದ್ಯಗಳಿಗೆ ಮುನ್ನೋಟ ಬರೆಯುವ ಬಗೆ

ಮಾರ್ಚ್ ಮಧ್ಯದ ಒಂದು ಭಾನುವಾರ ರಾತ್ರಿ ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎಯ ಮಹಿಳಾ ಬಾಸ್ಕೆಟ್‌ಬಾಲ್ ಟೂರ್ನಿಯ ಬ್ರಾಕೆಟ್, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹೊರಬೀಳುತ್ತದೆ. ಅಲ್ಲಿನ ಪೂರ್ವ ಕರಾವಳಿಯಲ್ಲಿ ಎಂಟು ಗಂಟೆ ಆಗಿದ್ದರೆ ನಮ್ಮಲ್ಲಿ ಸೋಮವಾರ ಬೆಳಗಿನ ಐದೂವರೆ. ಶುಕ್ರವಾರ, ಶನಿವಾರ ಎರಡೇ ದಿನದಲ್ಲಿ ಮೊದಲ ಸುತ್ತಿನ 32 ಪಂದ್ಯ ಮುಗಿದುಹೋಗುತ್ತವೆ. ಮುನ್ನೋಟ ಬರೆಯುವವರಿಗೆ ಸಿಗುವುದು ಹೆಚ್ಚೆಂದರೆ ನಾಲ್ಕು ದಿನ.

ಮೊದಲ ಸಲ ನಾನು 32 ಪಂದ್ಯಕ್ಕೂ ಒಂದೇ ಅಳತೆಯ ಮುನ್ನೋಟ ಬರೆಯಲು ಹೊರಟೆ. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಕೈ ಸೋತಿತ್ತು. 'ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು) ಹಿಡಿದವರಿಗೆ ಗೆಲುವು' ಅನ್ನುವ ಮಾತನ್ನು ಆರು ಕಡೆ ಬರೆದಿದ್ದೆ. ಅದು ಸುಳ್ಳೇನಲ್ಲ, ಆದರೆ ಯಾವ ಪಂದ್ಯಕ್ಕೆ ಬೇಕಾದರೂ ಅಂಟಿಸಬಹುದಾದ ಚೀಟಿ ಅದು. ಈಗ ನಾನು ಬೇರೆ ರೀತಿ ಕೆಲಸ ಮಾಡುತ್ತೇನೆ. ಪ್ರತಿ ಪಂದ್ಯಕ್ಕೂ ಒಂದೇ ಒಂದು ಪ್ರಶ್ನೆ ಹುಡುಕುತ್ತೇನೆ. ಈ ಪಂದ್ಯ ತಿರುಗಿದರೆ ಎಲ್ಲಿ ತಿರುಗುತ್ತದೆ? ಉತ್ತರ ಸಿಕ್ಕರೆ ಉದ್ದಕ್ಕೆ ಬರೆಯುತ್ತೇನೆ, ಸಿಗದಿದ್ದರೆ ಎರಡು ಸಾಲಿಗೆ ಮುಗಿಸುತ್ತೇನೆ. ಮುಂದೆ ಬರುವ ಹೆಜ್ಜೆಗಳೆಲ್ಲ ಆ ಪ್ರಶ್ನೆಯನ್ನು ಹುಡುಕುವ ದಾರಿಗಳು.

ಹೆಜ್ಜೆ 1: ಯಾರ ಅಂಗಳ ಅಂತ ನೋಡಿ

ಟೂರ್ನಿಯಲ್ಲಿ ಒಟ್ಟು 68 ತಂಡ. ನಾಲ್ಕು ವಿಭಾಗ, ಪ್ರತಿ ವಿಭಾಗದಲ್ಲಿ 1ರಿಂದ 16ರ ತನಕ ಸೀಡ್, ಅಂದರೆ ಋತುವಿನ ಸಾಧನೆ ನೋಡಿ ಕೊಟ್ಟ ಕ್ರಮಾಂಕ. 1 ಅಂದರೆ ಎಲ್ಲರಿಗಿಂತ ಮೇಲೆ. ಹೆಚ್ಚುವರಿ ತಂಡಗಳನ್ನು ಕಳೆದು 64ಕ್ಕೆ ಇಳಿಸಲು ಮೊದಲು ನಾಲ್ಕು ಪಂದ್ಯ ನಡೆಯುತ್ತವೆ. ಅದಕ್ಕೆ ಫಸ್ಟ್ ಫೋರ್ ಎಂದು ಹೆಸರು. ಮಹಿಳೆಯರಲ್ಲಿ ಇದು ಬಂದದ್ದು 2022ರಲ್ಲಿ.

ಪುರುಷರ ಟೂರ್ನಿ ನೋಡಿ ರೂಢಿಯಾದವರು ಎಡವುವುದು ಇಲ್ಲೇ. ಪುರುಷರಲ್ಲಿ ಮೊದಲ ಸುತ್ತು ಎಲ್ಲರಿಗೂ ಪರಊರು. ಮಹಿಳೆಯರಲ್ಲಿ ಹಾಗಲ್ಲ. ಪ್ರತಿ ವಿಭಾಗದ 1ರಿಂದ 4ನೇ ಸೀಡ್ ತನಕ, ಅಂದರೆ ಒಟ್ಟು 16 ತಂಡಗಳು, ಮೊದಲ ಎರಡು ಸುತ್ತನ್ನು ಸಾಮಾನ್ಯವಾಗಿ ತಮ್ಮ ಕಾಲೇಜಿನ ಅಂಗಳದಲ್ಲೇ ಆಡುತ್ತವೆ. ಅದೇ ಹಾಸಿಗೆ, ಅದೇ ಊಟ, ಅದೇ ರಿಂಗ್, ತಮ್ಮದೇ ಜನ. 1ನೇ ಸೀಡ್‌ನ ಊರಿಗೆ 16, 8 ಮತ್ತು 9 ಬರುತ್ತವೆ. 2ನೆಯದರ ಊರಿಗೆ 15, 7, 10. ಮೂರನೆಯದಕ್ಕೆ 14, 6, 11. ನಾಲ್ಕನೆಯದಕ್ಕೆ 13, 5, 12.

ಈಗ ಲೆಕ್ಕ ಹಾಕಿ. 32ರಲ್ಲಿ ತವರಿನ ಲಾಭ ಇರುವುದು 16 ಪಂದ್ಯಕ್ಕೆ ಮಾತ್ರ. ಉಳಿದ 16ರಲ್ಲಿ ಎರಡೂ ತಂಡ ನೆಂಟರೇ. 5ನೇ ಸೀಡ್ ಎಷ್ಟೇ ದೊಡ್ಡ ಹೆಸರಿನ ಕಾಲೇಜಾದರೂ 4ನೇ ಸೀಡ್‌ನ ಊರಿನಲ್ಲಿ ಆಡಬೇಕು. ಅಲ್ಲಿನ ಪ್ರೇಕ್ಷಕರು ಯಾರಿಗೆ ಕೂಗುತ್ತಾರೆ? ಮುಂದಿನ ಸುತ್ತಿನಲ್ಲಿ ತಮ್ಮವರಿಗೆ ಸುಲಭದ ಎದುರಾಳಿ ಸಿಗಲಿ ಎಂದು 12ನೇ ಸೀಡ್ ಪರ ಕೂಗುವವರೇ ಜಾಸ್ತಿ!

ತವರಿನ ಜನ ಏನು ಮಾಡಬಲ್ಲರು ಅನ್ನುವುದನ್ನು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. 2017ರಲ್ಲಿ ಕಂಠೀರವ ಒಳಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು ಸೋಲಿಸಿದ್ದು 75-73ರಲ್ಲಿ. ಎರಡೇ ಅಂಕದ ಅಂತರ.

ತವರಿನ ಅಂಗಳ ಇಲ್ಲದ ವರ್ಷ ಏನಾಯಿತು ಎಂಬುದಕ್ಕೆ 2021ನ್ನು ನೋಡಬಹುದು. ಕೋವಿಡ್ ಕಾರಣಕ್ಕೆ ಇಡೀ ಟೂರ್ನಿ ಟೆಕ್ಸಸ್‌ನಲ್ಲೇ ನಡೆಯಿತು, 4ನೇ ಸೀಡ್‌ಗೂ ಮನೆ ಇರಲಿಲ್ಲ. ಅರ್ಕಾನ್ಸಾ ಆ ವರ್ಷದ 4ನೇ ಸೀಡ್. ಋತುವಿನಲ್ಲಿ ಕನೆಕ್ಟಿಕಟ್, ಬೇಲರ್ ಎರಡನ್ನೂ ಸೋಲಿಸಿದ್ದ ತಂಡ. ಅದು 13ನೇ ಸೀಡ್ ರೈಟ್ ಸ್ಟೇಟ್ ಕೈಯಲ್ಲಿ 66-62ರಿಂದ ಸೋತಿತು. ಒಂದೇ ಪಂದ್ಯದಿಂದ ಸಿದ್ಧಾಂತ ಕಟ್ಟುವುದು ಬೇಡ, ಆದರೆ ಬರೆಯುವಾಗ ನೆನಪಿನಲ್ಲಿರಲಿ.

ಹೆಜ್ಜೆ 2: ಪಂದ್ಯಗಳನ್ನು ಬೇರ್ಪಡಿಸಿ

64 ತಂಡಗಳ ಮಾದರಿ ಬಂದದ್ದು 1994ರಲ್ಲಿ. ಆಗಿನಿಂದ 2025ರ ತನಕ ಮಹಿಳೆಯರ ಟೂರ್ನಿಯಲ್ಲಿ 14ನೇ ಸೀಡ್ ಒಂದೇ ಒಂದು ಪಂದ್ಯ ಗೆದ್ದಿಲ್ಲ. 15ನೆಯದೂ ಗೆದ್ದಿಲ್ಲ. ವಿಚಿತ್ರ ಅಂದರೆ 16ನೇ ಸೀಡ್ ಒಮ್ಮೆ ಗೆದ್ದಿದೆ. ಆ ಕಥೆ ಮುಂದಿನ ಹೆಜ್ಜೆಯಲ್ಲಿದೆ.

ಇದಕ್ಕೆ ತವರಿನ ಅಂಗಳ ಒಂದೇ ಕಾರಣವಲ್ಲ. ಪುರುಷರಲ್ಲಿ ಒಳ್ಳೆಯ ಆಟಗಾರ ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಎನ್‌ಬಿಎಗೆ ಹಾರಬಹುದು. ಅಮೆರಿಕದ ಆಟಗಾರ್ತಿ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಡ್ರಾಫ್ಟ್‌ಗೆ (ತಂಡಗಳು ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಸರದಿ) ಹೋಗಬೇಕಾದರೆ ಆ ವರ್ಷ 22 ತುಂಬಬೇಕು, ಇಲ್ಲವೇ ಪದವಿ ಮುಗಿದಿರಬೇಕು. ಹೀಗಾಗಿ ತಾರೆಯರು ಮೂರು, ನಾಲ್ಕು ವರ್ಷ ಅಲ್ಲೇ ಉಳಿಯುತ್ತಾರೆ. ಪ್ರತಿಭೆಯೆಲ್ಲ ಕೆಲವೇ ದೊಡ್ಡ ಕಾಲೇಜುಗಳಲ್ಲಿ ಒಟ್ಟುಗೂಡುತ್ತದೆ. ಅಲ್ಲಿ ಆನೆ ನಡೆದದ್ದೇ ದಾರಿ.

ಹಾಗಾಗಿ 1-16, 2-15, 3-14 ಜೋಡಿಗಳ 12 ಪಂದ್ಯಕ್ಕೆ ಚುಟುಕು ಮುನ್ನೋಟ ಸಾಕು. ಸಣ್ಣ ಕಾಲೇಜಿನ ಹುಡುಗಿಯರು ಇಲ್ಲಿಗೆ ಹೇಗೆ ಬಂದರು, ಅವರಲ್ಲಿ ನೋಡಲೇಬೇಕಾದ ಆಟಗಾರ್ತಿ ಯಾರು ಅಂತ ಹೇಳಿ ಮುಗಿಸಿ. ಸುಮ್ನೆ 'ಏನು ಬೇಕಾದರೂ ಆಗಬಹುದು' ಅಂತ ಓದುಗರಿಗೆ ಆಸೆ ಹುಟ್ಟಿಸಬೇಡಿ. 4-13 ನಾಲ್ಕು ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಿಮ್ಮ ನಿಜವಾದ ಕೆಲಸ ಇರುವುದು 5-12, 6-11, 7-10, 8-9ರ 16 ಪಂದ್ಯಗಳಲ್ಲಿ. ಸಮಯದ ಮುಕ್ಕಾಲು ಪಾಲು ಅಲ್ಲಿಗೇ ಹೋಗಲಿ.

ಹೆಜ್ಜೆ 3: ಯಾರು ಆಡುತ್ತಿಲ್ಲ?

1998ರ ಮಾರ್ಚ್ 14. ಸ್ಟ್ಯಾನ್‌ಫರ್ಡ್ 1ನೇ ಸೀಡ್, ಹಾರ್ವರ್ಡ್ 16ನೇ ಸೀಡ್. ಪಂದ್ಯ ಸ್ಟ್ಯಾನ್‌ಫರ್ಡ್‌ನ ಮೇಪಲ್ಸ್ ಪೆವಿಲಿಯನ್‌ನಲ್ಲಿ. ಆ ಅಂಗಳದಲ್ಲಿ ಸ್ಟ್ಯಾನ್‌ಫರ್ಡ್ ಸತತವಾಗಿ 59 ಪಂದ್ಯ ಗೆದ್ದಿತ್ತು. ಫಲಿತಾಂಶ ಏನು ಗೊತ್ತಾ? ಹಾರ್ವರ್ಡ್ 71, ಸ್ಟ್ಯಾನ್‌ಫರ್ಡ್ 67. 16ನೇ ಸೀಡ್ 1ನೇ ಸೀಡನ್ನು ಸೋಲಿಸಿದ್ದು ಅದೇ ಮೊದಲು, ಪುರುಷರಲ್ಲೂ ಸೇರಿ. ಪುರುಷರಲ್ಲಿ ಅಂಥದ್ದು ನಡೆಯಲು ಇನ್ನೂ 20 ವರ್ಷ ಬೇಕಾಯಿತು.

ಇದನ್ನು ಪವಾಡ ಅಂತ ಬರೆದುಬಿಡುವುದು ಸುಲಭ. ಆದರೆ ಟೂರ್ನಿಗೆ ಕೆಲವೇ ದಿನ ಮುಂಚೆ ಸ್ಟ್ಯಾನ್‌ಫರ್ಡ್‌ನ ಇಬ್ಬರು ಮುಖ್ಯ ಆಟಗಾರ್ತಿಯರಾದ ವನೆಸ್ಸಾ ನೈಗಾರ್ಡ್ ಮತ್ತು ಕ್ರಿಸ್ಟಿನ್ ಫೋಕಲ್ ಮೊಣಕಾಲಿನ ಎಸಿಎಲ್ ಹರಿದುಕೊಂಡು ಹೊರಗೆ ಕೂತಿದ್ದರು. ಇತ್ತ ಹಾರ್ವರ್ಡ್‌ನಲ್ಲಿ ಆ ಋತುವಿನಲ್ಲಿ ದೇಶಕ್ಕೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದ ಆಲಿಸನ್ ಫೀಸ್ಟರ್ ಇದ್ದರು. ಆ ದಿನ ಅವರದು 35 ಅಂಕ, 13 ರಿಬೌಂಡ್. ಸೀಡ್ ಎಂಬುದು ಇಡೀ ಋತುವಿನ ಸಾಧನೆಗೆ ಕೊಟ್ಟ ಅಂಕಪಟ್ಟಿ. ಶುಕ್ರವಾರ ಅಂಗಳಕ್ಕೆ ಇಳಿಯುವ ತಂಡ ಅದೇ ಆಗಿರಬೇಕೆಂದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಪ್ರತಿ ತಂಡದ ಕೊನೆಯ ನಾಲ್ಕೈದು ಪಂದ್ಯಗಳ ಬಾಕ್ಸ್ ಸ್ಕೋರ್, ಅಂದರೆ ಪ್ರತಿ ಆಟಗಾರ್ತಿಯ ಅಂಕಿಗಳ ಪಟ್ಟಿ, ತೆಗೆಯಿರಿ. ಅಂಕ ಬಿಡಿ, ಮೊದಲು ಆಡಿದ ನಿಮಿಷ ನೋಡಿ. ಸದಾ 33 ನಿಮಿಷ ಆಡುತ್ತಿದ್ದವರು ಏಕಾಏಕಿ 14ಕ್ಕೆ ಇಳಿದಿದ್ದಾರಾ? ಗಾಯವೋ, ಫೌಲ್ ತೊಂದರೆಯೋ, ಕೋಚ್ ಮುನಿಸೋ ಹುಡುಕಿ. ಗಾಯದಿಂದ ಮರಳಿದವರು ಎಷ್ಟು ಪಂದ್ಯ ಆಡಿದ್ದಾರೆ? ಕಾನ್ಫರೆನ್ಸ್ (ಋತುವಿಡೀ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ಟೂರ್ನಿ ಮಾರ್ಚ್ ಮೊದಲ ವಾರಗಳಲ್ಲೇ ಮುಗಿಯುವುದರಿಂದ ಕೆಲವು ತಂಡಗಳಿಗೆ ಹತ್ತು ದಿನಕ್ಕಿಂತ ಜಾಸ್ತಿ ಬಿಡುವು ಸಿಕ್ಕಿರುತ್ತದೆ. ಕುಂಟುವವರಿಗೆ ಅದು ವರ.

ಹಾಗೆಯೇ ಯಾರು ಎಲ್ಲಿಂದ ಬಂದವರು ಅಂತಲೂ ನೋಡಿ. ಈಗ ಆಟಗಾರ್ತಿಯರು ಕಾಲೇಜು ಬದಲಿಸುವುದು ಮಾಮೂಲು. 2022ರ ಎರಡನೇ ಸುತ್ತಿನಲ್ಲಿ 10ನೇ ಸೀಡ್ ಕ್ರೈಟನ್ 2ನೇ ಸೀಡ್ ಅಯೋವಾವನ್ನು ಅದರ ಮನೆಯಲ್ಲೇ 64-62ರಿಂದ ಸೋಲಿಸಿತು. ಕೊನೆಯ ಕ್ಷಣಗಳ ನಿರ್ಣಾಯಕ ತ್ರೀ ಪಾಯಿಂಟರ್ (ದೂರದ ಗೆರೆಯ ಹೊರಗಿನಿಂದ ಹಾಕುವ ಮೂರು ಅಂಕದ ಶಾಟ್, ಚುಟುಕಾಗಿ ತ್ರೀ) ಹೊಡೆದ ಲಾರೆನ್ ಜೆನ್ಸೆನ್ ಅದರ ಹಿಂದಿನ ವರ್ಷ ಅಯೋವಾದಲ್ಲೇ ಇದ್ದವರು! ಇಂಥ ಎಳೆ ಮುಂಚೆಯೇ ಕಣ್ಣಿಗೆ ಬಿದ್ದರೆ ಮುನ್ನೋಟಕ್ಕೆ ಉಪ್ಪು ಹಾಕಿದಂತೆ.

ಹೆಜ್ಜೆ 4: ಅಂಕಿಗಳಿಂದ ಪ್ರಶ್ನೆ ಹುಡುಕಿ

'ಪಂದ್ಯಕ್ಕೆ ಸರಾಸರಿ 80 ಅಂಕ' ಅನ್ನುವುದು ಮೋಸದ ಅಂಕಿ. ವೇಗವಾಗಿ ಓಡುವ ತಂಡಕ್ಕೆ ಶಾಟ್ ಜಾಸ್ತಿ ಸಿಗುತ್ತವೆ, ಅಂಕವೂ ಜಾಸ್ತಿ. ಆದ್ದರಿಂದ ಅಂಕವನ್ನು ಪೊಸೆಷನ್‌ಗೆ ಭಾಗಿಸಿ. ಪೊಸೆಷನ್ ಅಂದರೆ ಚೆಂಡು ಕೈಗೆ ಸಿಕ್ಕ ಒಂದು ಸರದಿ. ಬಾಕ್ಸ್ ಸ್ಕೋರ್‌ನಿಂದಲೇ ಅಂದಾಜು ಮಾಡಬಹುದು. ತೆಗೆದ ಶಾಟ್‌ಗಳಿಂದ ಆಕ್ರಮಣದ ರಿಬೌಂಡ್ (ತಮ್ಮದೇ ತಪ್ಪಿದ ಶಾಟ್ ಮತ್ತೆ ಹಿಡಿದದ್ದು) ಕಳೆಯಿರಿ, ಟರ್ನೋವರ್ (ಶಾಟ್ ತೆಗೆಯದೆಯೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಶಾಟ್) ಯತ್ನಗಳನ್ನು 0.44ರಿಂದ ಗುಣಿಸಿ ಅದನ್ನೂ ಕೂಡಿಸಿ. ಕಾಲೇಜು ಆಟಕ್ಕೆ 0.475 ಬಳಸುವವರೂ ಇದ್ದಾರೆ. ಯಾವುದಾದರೂ ಸರಿ, ಎರಡೂ ತಂಡಕ್ಕೆ ಒಂದೇ ಬಳಸಿ.

ಒಂದು ಕಾಲ್ಪನಿಕ ಲೆಕ್ಕ. ಒಂದು ತಂಡ 60 ಶಾಟ್ ತೆಗೆದು 24 ಹಾಕಿತು, ಅದರಲ್ಲಿ 8 ತ್ರೀ. 18 ಫ್ರೀ ಥ್ರೋಗಳಲ್ಲಿ 13 ಬಿದ್ದವು. ಒಟ್ಟು 69 ಅಂಕ. ಆಕ್ರಮಣದ ರಿಬೌಂಡ್ 10, ಟರ್ನೋವರ್ 15. ಪೊಸೆಷನ್: 60 - 10 + 15 + 7.9, ಅಂದರೆ ಸುಮಾರು 73. ನೂರು ಪೊಸೆಷನ್‌ಗೆ ಸುಮಾರು 95 ಅಂಕ. ಈಗ ಓಡುವ ತಂಡವನ್ನೂ ನಡೆಯುವ ತಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಆಮೇಲೆ ನಾಲ್ಕು ಅಂಶ. ಡೀನ್ ಆಲಿವರ್ ಎಂಬ ವಿಶ್ಲೇಷಕರು ಜನಪ್ರಿಯಗೊಳಿಸಿದ್ದು ಇದನ್ನು. ಒಂದು, ಶಾಟ್ ಎಷ್ಟು ಚೆನ್ನಾಗಿ ಬೀಳುತ್ತದೆ. ಇಲ್ಲಿ ತ್ರೀಗೆ ಒಂದೂವರೆ ಪಟ್ಟು ಬೆಲೆ. ಮೇಲಿನ ತಂಡಕ್ಕೆ 24ಕ್ಕೆ 8ರ ಅರ್ಧ ಕೂಡಿಸಿ 60ರಿಂದ ಭಾಗಿಸಿದರೆ 46.7 ಶೇಕಡಾ. ಎರಡು, ಟರ್ನೋವರ್. ಮೂರು, ತಪ್ಪಿದ ಶಾಟ್‌ಗಳಲ್ಲಿ ಎಷ್ಟನ್ನು ಮತ್ತೆ ಹಿಡಿಯುತ್ತಾರೆ. ನಾಲ್ಕು, ಫ್ರೀ ಥ್ರೋ ಗೆರೆಗೆ ಎಷ್ಟು ಸಲ ಹೋಗುತ್ತಾರೆ. ಆಲಿವರ್ ಅವರ ಅಂದಾಜಿನಲ್ಲಿ ಮೊದಲನೆಯದರ ತೂಕ 40 ಶೇಕಡಾ, ನಂತರ 25, 20, 15. ಹರ್ ಹೂಪ್ ಸ್ಟಾಟ್ಸ್‌ನಂಥ ತಾಣಗಳಲ್ಲಿ ಇಂಥ ಅಂಕಿ ಲೆಕ್ಕ ಮಾಡಿಟ್ಟೇ ಸಿಗುತ್ತದೆ. ಆದರೂ ಮೊದಲ ನಾಲ್ಕೈದು ಪಂದ್ಯಕ್ಕೆ ನೀವೇ ಕೈಯಾರೆ ಮಾಡಿ ನೋಡಿ. ಆಮೇಲೆ ಅಂಕಿ ನೋಡಿದ ತಕ್ಷಣ ಆಟ ಕಣ್ಣಿಗೆ ಕಟ್ಟುತ್ತದೆ.

ಎಂಟು ಅಂಕಿಗಳನ್ನು ಸಾಲಾಗಿ ಬರೆದು ಓದುಗರ ಮುಂದೆ ಸುರಿಯಬೇಡಿ. ಒಂದು ತಂಡದ ಬಲ ಇನ್ನೊಂದರ ಹುಳುಕಿಗೆ ನೇರವಾಗಿ ತಾಗುವ ಜಾಗ ಎಲ್ಲಿದೆ ನೋಡಿ. ಒಬ್ಬರು ಅಂಗಳದುದ್ದಕ್ಕೂ ಒತ್ತಡ ಹಾಕಿ ಚೆಂಡು ಕಸಿಯುವವರು, ಇನ್ನೊಬ್ಬರ ಬಳಿ ಚೆಂಡು ನಡೆಸಬಲ್ಲವರು ಒಬ್ಬರೇ. ಸಿಕ್ಕಿತಲ್ಲ ಪ್ರಶ್ನೆ?

ಎದುರಾಳಿಗಳ ಮಟ್ಟವನ್ನೂ ತೂಗಬೇಕು. ಸಣ್ಣ ಕಾನ್ಫರೆನ್ಸ್‌ನಲ್ಲಿ 28 ಗೆಲುವು ಅಂದರೆ ಎಷ್ಟು ಬೆಲೆ? ಆಯ್ಕೆ ಸಮಿತಿ 2020-21ರಿಂದ ನೆಟ್ ಎಂಬ ರ್‍ಯಾಂಕಿಂಗ್ ಬಳಸುತ್ತಿದೆ, ಅದರಲ್ಲಿ ಎದುರಾಳಿ ಯಾರು, ಪಂದ್ಯ ಎಲ್ಲಿ ನಡೆಯಿತು ಎಲ್ಲ ಸೇರಿದೆ. ನಾನು ಇನ್ನೊಂದು ಮಾಡುತ್ತೇನೆ. ನವೆಂಬರ್, ಡಿಸೆಂಬರ್‌ನಲ್ಲಿ ಸಣ್ಣ ಕಾಲೇಜುಗಳು ದೊಡ್ಡ ಕಾನ್ಫರೆನ್ಸ್ ತಂಡಗಳ ಮೇಲೆ ಆಡಿರುತ್ತವೆ. ಆ ಎರಡು, ಮೂರು ಪಂದ್ಯಗಳನ್ನು ಬೇರೆಯಾಗಿ ನೋಡುತ್ತೇನೆ. ಅಲ್ಲಿ ಸೋತಿದ್ದರೂ ರಿಬೌಂಡ್‌ನಲ್ಲಿ ಸಮಸಮ ನಿಂತಿದ್ದರೆ ಆ ತಂಡದ ಹೆಸರಿನ ಮುಂದೆ ಒಂದು ಚುಕ್ಕೆ ಇಡುತ್ತೇನೆ. ಎತ್ತರದವರ ಎದುರು ಮುದುಡಿಕೊಳ್ಳುವ ತಂಡ ಮಾರ್ಚ್‌ನಲ್ಲೂ ಮುದುಡುತ್ತದೆ.

ಹೆಜ್ಜೆ 5: ನಿಯಮ ಮರೆಯಬೇಡಿ

ಮಹಿಳೆಯರದು 2015-16ರಿಂದ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಪುರುಷರ ಕಾಲೇಜು ಆಟದಂತೆ ಎರಡು ಅರ್ಧ ಅಲ್ಲ. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಕ್ವಾರ್ಟರ್ ಮುಗಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಆಟಗಾರ್ತಿಗೆ ಐದು ಫೌಲ್ ಆದರೆ ಹೊರಗೆ. ತಂಡ ಇಡೀ ಒಬ್ಬ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ್ತಿ) ಮೇಲೆ ನಿಂತಿದ್ದರೆ ಬೆಂಚಿನಲ್ಲಿ ಅವರ ಜಾಗಕ್ಕೆ ಯಾರಿದ್ದಾರೆ ಎಂಬುದೇ ನಿಮ್ಮ ಪ್ರಶ್ನೆ ಆಗಬಹುದು. ಇನ್ನೊಂದು, ತ್ರೀ ಪಾಯಿಂಟ್ ಗೆರೆ 2021-22ರಲ್ಲಿ 22 ಅಡಿ 1¾ ಇಂಚಿಗೆ ಹಿಂದೆ ಸರಿಯಿತು. ಅದಕ್ಕೆ ಮುಂಚಿನ ತ್ರೀ ದಾಖಲೆಗಳನ್ನು ಈಗಿನದರ ಪಕ್ಕ ಇಡುವಾಗ ಹುಷಾರು.

ಫಸ್ಟ್ ಫೋರ್ ಗೆದ್ದು ಬಂದವರನ್ನು ಸುಸ್ತಾದವರು ಅಂತ ತಳ್ಳಿಹಾಕಬೇಡಿ. ಮಹಿಳೆಯರಲ್ಲಿ ಆ ಪಂದ್ಯ ಮೊದಲ ಸುತ್ತು ನಡೆಯುವ ಅಂಗಳದಲ್ಲೇ ನಡೆಯುತ್ತದೆ. ಎರಡು ದಿನದ ನಂತರ ಎದುರಾಳಿ ಅಂಗಳಕ್ಕೆ ಹೊಸಬರು, ಇವರು ಹಳಬರು. 2023ರಲ್ಲಿ ಮಿಸಿಸಿಪ್ಪಿ ಸ್ಟೇಟ್ ಹಾಗೆ ಬಂದು 6ನೇ ಸೀಡ್ ಕ್ರೈಟನ್‌ ಮೇಲೆ 81-66ರಿಂದ ಗೆದ್ದಿತು.

ಹೆಜ್ಜೆ 6: ಈಗ ಬರೆಯಿರಿ

ಒಂದು ಹಳೆಯ ಪಂದ್ಯ ಇಟ್ಟುಕೊಂಡು ತೋರಿಸುತ್ತೇನೆ. 2022, 5ನೇ ಸೀಡ್ ವರ್ಜೀನಿಯಾ ಟೆಕ್ ಎದುರು 12ನೇ ಸೀಡ್ ಫ್ಲಾರಿಡಾ ಗಲ್ಫ್ ಕೋಸ್ಟ್. ಆಟ 4ನೇ ಸೀಡ್ ಮೇರಿಲ್ಯಾಂಡ್‌ನ ಊರಾದ ಕಾಲೇಜ್ ಪಾರ್ಕ್‌ನಲ್ಲಿ. ಪಂದ್ಯಕ್ಕೆ ಮುಂಚೆ ಹೀಗೆ ಬರೆಯಬಹುದಿತ್ತು:

"ವರ್ಜೀನಿಯಾ ಟೆಕ್ ಬಳಿ ಆರು ಅಡಿ ಆರು ಇಂಚಿನ ಎಲಿಜಬೆತ್ ಕಿಟ್ಲಿ ಇದ್ದಾರೆ, ಎಸಿಸಿ ಕಾನ್ಫರೆನ್ಸ್‌ನ ಈ ವರ್ಷದ ಶ್ರೇಷ್ಠ ಆಟಗಾರ್ತಿ. ಗಲ್ಫ್ ಕೋಸ್ಟ್‌ನಲ್ಲಿ ಅವರಷ್ಟು ಎತ್ತರದವರು ಯಾರೂ ಇಲ್ಲ. ಅವರನ್ನು ತಡೆಯುವುದೂ ಆಗದ ಮಾತು. ಆದರೆ ಕೋಚ್ ಕಾರ್ಲ್ ಸ್ಮೆಸ್ಕೋ ಅವರ ತಂಡ ಆಡುವುದೇ ಬೇರೆ ಲೆಕ್ಕದಲ್ಲಿ. ಐವರೂ ಗೆರೆಯ ಹೊರಗೆ ಹರಡಿ ನಿಲ್ಲುತ್ತಾರೆ, ತ್ರೀ ಹೊಡೆಯುತ್ತಾರೆ, ಇಲ್ಲವೇ ಖಾಲಿಯಾದ ಬುಟ್ಟಿಯ ಕಡೆ ನುಗ್ಗುತ್ತಾರೆ. ಆಗ ಕಿಟ್ಲಿ ಬುಟ್ಟಿಯ ಕೆಳಗೆ ನಿಲ್ಲಬೇಕೋ, ಹೊರಗೆ ಓಡಿ ಬರಬೇಕೋ? ಪಂದ್ಯ ನಿಂತಿರುವುದು ಇಲ್ಲೇ. ಕಿಟ್ಲಿ ಎರಡೆರಡು ಹಾಕುವಷ್ಟರಲ್ಲಿ ಇವರು ಮೂರು ಮೂರು ಹಾಕುತ್ತಾ ಹೋದರೆ 12ನೇ ಸೀಡ್‌ಗೆ ದಾರಿ ಇದೆ. ನನ್ನ ಆಯ್ಕೆ ವರ್ಜೀನಿಯಾ ಟೆಕ್, ಹತ್ತರಲ್ಲಿ ಆರು ಭಾಗ."

ಆದದ್ದೇನು? ಕಿಟ್ಲಿ 42 ಅಂಕ ಹಾಕಿದರು. ಆದರೂ ಗಲ್ಫ್ ಕೋಸ್ಟ್ 84-81ರಿಂದ ಗೆದ್ದಿತು. ಈ ಮುನ್ನೋಟದ ಆಯ್ಕೆ ತಪ್ಪು, ಪ್ರಶ್ನೆ ಸರಿ. ಓದಿ ಪಂದ್ಯಕ್ಕೆ ಕೂತವರಿಗೆ ಎಲ್ಲಿ ಕಣ್ಣಿಡಬೇಕು ಅಂತ ಗೊತ್ತಿರುತ್ತಿತ್ತು. ನನಗೆ ಅಷ್ಟು ಸಾಕು. ಮರುವರ್ಷ ಅದೇ ತಂಡ ಮತ್ತೆ 12ನೇ ಸೀಡ್ ಆಗಿ ಬಂದು ವಾಷಿಂಗ್ಟನ್ ಸ್ಟೇಟನ್ನು 74-63ರಿಂದ ಮನೆಗೆ ಕಳಿಸಿತು.

ಬರೆಯುವಾಗ ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. 'ಇವರೂ ಗೆಲ್ಲಬಹುದು, ಅವರೂ ಗೆಲ್ಲಬಹುದು' ಎಂಬುದಕ್ಕೆ ಮುನ್ನೋಟ ಯಾಕೆ ಬೇಕು? ಒಬ್ಬರನ್ನು ಆರಿಸಿ, ಎಷ್ಟು ನಂಬಿಕೆ ಇದೆ ಅಂತ ಅಂಕಿಯಲ್ಲಿ ಹೇಳಿ. ಹತ್ತರಲ್ಲಿ ಆರು ಅಂದರೆ ನಾಲ್ಕು ಸಲ ಸೋಲುತ್ತಾರೆ ಅಂತಲೇ ಅರ್ಥ, ಅಲ್ವಾ? ಆಟಗಾರ್ತಿಯನ್ನು ಯಾರೋ ಪುರುಷ ತಾರೆಗೆ ಹೋಲಿಸಿ ಪರಿಚಯಿಸುವ ಚಾಳಿಯೂ ಬೇಡ. ಅವರ ಆಟವನ್ನೇ ಹೇಳಿ: ಎಡಗೈಯಲ್ಲಿ ನುಗ್ಗುತ್ತಾರೆ, ಮೂಲೆಯಿಂದ ತ್ರೀ ಹೊಡೆಯುತ್ತಾರೆ, ಪಾಸ್ ಮಾಡುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ. ಇವರು ಹದಿನೆಂಟರಿಂದ ಇಪ್ಪತ್ತೆರಡು, ಇಪ್ಪತ್ತಮೂರರ ವಿದ್ಯಾರ್ಥಿನಿಯರು ಎಂಬುದೂ ನೆನಪಿರಲಿ. ತಂಡದ ಹುಳುಕನ್ನು ಖಾರವಾಗಿ ಬರೆಯಿರಿ, ಒಬ್ಬರ ಹೆಸರು ಹಿಡಿದು ಚುಚ್ಚಬೇಡಿ.

ಹೆಜ್ಜೆ 7: ಪಂದ್ಯಕ್ಕೆ ಮುಂಚೆ ಮತ್ತು ನಂತರ

ನಮ್ಮ ಓದುಗರಿಗಾಗಿ ಸಮಯವನ್ನು ಭಾರತದ ಲೆಕ್ಕಕ್ಕೆ ತಿರುಗಿಸಿ. ಮಾರ್ಚ್ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ. ಆದ್ದರಿಂದ ಪೂರ್ವ ಕರಾವಳಿಯ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಿ, ಹತ್ತೂವರೆ ಅಲ್ಲ. ಅಲ್ಲಿ ಮಧ್ಯಾಹ್ನ 12ರ ಪಂದ್ಯ ಇಲ್ಲಿ ರಾತ್ರಿ 9.30ಕ್ಕೆ. ಅಲ್ಲಿ ರಾತ್ರಿ 10ರದು ಇಲ್ಲಿ ಮರುದಿನ ಬೆಳಿಗ್ಗೆ 7.30ಕ್ಕೆ, ಕಾಫಿ ಹೊತ್ತಿಗೆ. ದಿನಾಂಕ ಬದಲಾಗುವುದನ್ನು ಸ್ಪಷ್ಟವಾಗಿ ಬರೆಯಿರಿ. ಇದೊಂದನ್ನು ತಪ್ಪಿಸಿದರೆ ಉಳಿದ ಎಲ್ಲ ಲೆಕ್ಕ ಸರಿ ಇದ್ದರೂ ಬೈಗುಳ ಗ್ಯಾರಂಟಿ. ನಾನು ತಿಂದಿದ್ದೇನೆ.

ಪಂದ್ಯಕ್ಕೆ ಒಂದು ಗಂಟೆ ಮುಂಚೆ ತಂಡಗಳ ಸುದ್ದಿ ಮತ್ತೊಮ್ಮೆ ನೋಡಿ. ಮೊದಲ ಐವರಲ್ಲಿ ಬದಲಾವಣೆ ಇದ್ದರೆ ಮುನ್ನೋಟದ ತಲೆಯಲ್ಲೇ ಒಂದು ಸಾಲು ಸೇರಿಸಿ. ಹಳೆಯ ಆಯ್ಕೆಯನ್ನು ಅಳಿಸಬೇಡಿ, ಪಕ್ಕದಲ್ಲಿ ಹೊಸದನ್ನು ಬರೆಯಿರಿ.

ಮುಗಿದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ: ನನ್ನ ಪ್ರಶ್ನೆ, ನನ್ನ ಆಯ್ಕೆ, ಆದದ್ದು. ಗೆದ್ದವರನ್ನು ಸರಿಯಾಗಿ ಹೇಳಿ ಪ್ರಶ್ನೆ ತಪ್ಪಾಗಿದ್ದರೆ ಅದಕ್ಕೆ ಕೆಂಪು ಗೆರೆ. 2024ರಲ್ಲಿ 11ನೇ ಸೀಡ್ ಮಿಡಲ್ ಟೆನೆಸಿ 18 ಅಂಕ ಹಿಂದಿದ್ದು ಕೊನೆಗೆ ಲೂಯಿವಿಲ್ ಮೇಲೆ 71-69ರಿಂದ ಗೆದ್ದ ಪಂದ್ಯಕ್ಕೆ ನಾನು ಕೆಂಪು ಗೆರೆ ಎಳೆದಿದ್ದೇನೆ. ಅದರ ಮುಂದಿನ ಸಾಲು ಭಾನುವಾರದ್ದು, ಎರಡನೇ ಸುತ್ತು.